ಮೂರು ಆಸರೆಗಳಿಗೆ ಒಂದೇ ಬರ

ನಕ್ಷೆಯಲ್ಲಿ ನೋಡಿದರೆ ರಾಯಚೂರು ಜಿಲ್ಲೆ ನೀರಿಗೆ ಬಡವಾದ ನಾಡಲ್ಲ. ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವಿನ ಬಯಲಿನಲ್ಲಿದೆ ಮಲ್ಲಟ. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಸಿರವಾರ ತಾಲ್ಲೂಕಿನಲ್ಲಿದೆ. ಆಚೆ ದೇವದುರ್ಗ, ಈಚೆ ಮಾನ್ವಿ, ಮೂಡಣಕ್ಕೆ ರಾಯಚೂರು ನಗರ. ಇಲ್ಲಿಯ ಹಳ್ಳಿಗಳ ಕುಡಿಯುವ ನೀರು ಮೂರು ಆಸರೆಗಳ ಮೇಲೆ ನಿಂತಿದೆ: ನಾಲೆಯಲ್ಲಿ ಬರುವ ನೀರು, ನೆಲದೊಳಗಿನ ನೀರು, ದೂರದ ಜಲಾಶಯ ಅಥವಾ ನದಿಯಿಂದ ಕೊಳವೆಯಲ್ಲಿ ತರುವ ನೀರು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ ಎಂಬುದು ಊರಿನವರ ಧೈರ್ಯ. ಸರ್ಕಾರದ ಯೋಜನೆಗಳಲ್ಲೂ ಇದೇ ನಂಬಿಕೆ ಇದೆ.

ಈ ನಂಬಿಕೆ ಎಷ್ಟು ಗಟ್ಟಿ ಎಂಬುದು ಈ ಲೇಖನದ ಪ್ರಶ್ನೆ. ಲಭ್ಯವಿರುವ ಅಂಕಿಗಳನ್ನೂ ನೀರು ವರ್ತಿಸುವ ಬಗೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ನೆಮ್ಮದಿ ಕೊಡುವುದಿಲ್ಲ. ಮೂರೂ ಆಸರೆಗಳು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿವೆ. ಬರ ಬಂದ ವರ್ಷ ಒಂದರ ಜೊತೆಗೆ ಇನ್ನೊಂದೂ ಕುಸಿಯುವ ಸಂಭವ ಹೆಚ್ಚುತ್ತಿದೆ.

ನೆಲ ಕೊಡುವುದೆಷ್ಟು?

ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್. ಹಾಗಾಗಿ ಒಂದು ಎಕರೆ ಹೊಲದ ಮೇಲೆ ವರ್ಷಕ್ಕೆ ಬೀಳುವುದು ಸುಮಾರು 24 ಲಕ್ಷ ಲೀಟರ್. ಕೇಳಲು ದೊಡ್ಡ ಮೊತ್ತ. ಆದರೆ ಇದರಲ್ಲಿ ನೆಲದ ಆಳಕ್ಕೆ ಇಳಿದು ಅಂತರ್ಜಲ ಸೇರುವುದು ತೀರಾ ಸಣ್ಣ ಪಾಲು.

ಈ ಸೀಮೆಯ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆ. ಮರಳುಗಲ್ಲಿನಲ್ಲಿರುವಂಥ ರಂಧ್ರಗಳು ಈ ಶಿಲೆಯ ಮೈಯಲ್ಲಿಲ್ಲ. ಮೇಲ್ಭಾಗದಲ್ಲಿ ಶಿಥಿಲವಾಗಿ ಪುಡಿಯಾದ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಜೇಡಿಯ ಅಂಶ ಹೆಚ್ಚಿರುವ ಇಂಥ ನೆಲದಲ್ಲಿ ಬಿದ್ದ ಮಳೆಯ ಶೇಕಡ 8ರಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ದೇಶದ ಅಂತರ್ಜಲ ಅಂದಾಜಿನಲ್ಲಿ ಬಳಸುವ ಸಾಮಾನ್ಯ ಲೆಕ್ಕ. 600 ಮಿಲಿಮೀಟರಿಗೆ ಅದು 48 ಮಿಲಿಮೀಟರ್. ಎಕರೆಗೆ ಎರಡು ಲಕ್ಷ ಲೀಟರಿಗೂ ತುಸು ಕಡಿಮೆ.

ಬಂಡೆಯ ಬಿರುಕುಗಳಲ್ಲಿ ಜಾಗವೂ ಕಡಿಮೆ. ಇಂಥ ಶಿಲೆಯ ನೂರು ಲೀಟರ್ ಗಾತ್ರದಿಂದ ನಾವು ಬಸಿದುಕೊಳ್ಳಬಹುದಾದ ನೀರು ಒಂದರಿಂದ ಮೂರು ಲೀಟರ್ ಮಾತ್ರ. ಎರಡು ಲೀಟರ್ ಎಂದು ಹಿಡಿದರೆ, ಒಳ್ಳೆಯ ಮಳೆಗಾಲದಲ್ಲಿ ಇಂಗಿದ 48 ಮಿಲಿಮೀಟರ್ ನೀರು ಅಂತರ್ಜಲ ಮಟ್ಟವನ್ನು ಸುಮಾರು 2.4 ಮೀಟರ್ ಏರಿಸುತ್ತದೆ. ಬೋರಿನ ನೀರು ಮಳೆಗಾಲ ಮುಗಿದ ಮೇಲೆ ಥಟ್ಟನೆ ಮೇಲೆ ಬಂದು, ಮಾರ್ಚಿನ ಹೊತ್ತಿಗೆ ಥಟ್ಟನೆ ಕೆಳಗಿಳಿಯುವುದು ಇದೇ ಕಾರಣಕ್ಕೆ. ಸಂಗ್ರಹ ಸಣ್ಣದಾದಷ್ಟೂ ಏರಿಳಿತ ಜೋರು.

ಈಗ ಇದೇ ನೆಲದಲ್ಲಿ ಬೋರಿನ ನೀರು ಹಾಯಿಸಿ ಒಂದು ಎಕರೆ ಭತ್ತ ಬೆಳೆಯುತ್ತೇವೆ ಎನ್ನೋಣ. ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ ಒಂದು ಹಂಗಾಮಿಗೆ ಸುಮಾರು 1,200 ಮಿಲಿಮೀಟರ್ ನೀರು ಬೇಕು. ಎಕರೆಗೆ ಸುಮಾರು 48 ಲಕ್ಷ ಲೀಟರ್. ಇಪ್ಪತ್ತೈದು ಎಕರೆಯಲ್ಲಿ ವರ್ಷವಿಡೀ ಇಂಗಿದ ನೀರನ್ನು ಒಂದೇ ಎಕರೆ ಭತ್ತ ಒಂದು ಹಂಗಾಮಿನಲ್ಲಿ ಕುಡಿಯುತ್ತದೆ. ಹೊಲದಲ್ಲಿ ನಿಂತ ನೀರಿನ ಒಂದಂಶ ಮತ್ತೆ ಇಂಗುತ್ತದೆ, ನಿಜ. ಆ ಅಂಶವನ್ನು ಕಳೆದರೂ ಲೆಕ್ಕ ಸರಿದೂಗುವುದಿಲ್ಲ. ತೊಗರಿ, ಬಿಳಿಜೋಳ, ಕಡಲೆಗೆ ಈ ಪ್ರಮಾಣದ ಸಣ್ಣ ಭಾಗ ಸಾಕು. ಆದ್ದರಿಂದ ಊರಿನಲ್ಲಿ ಎಷ್ಟು ಬೋರುಗಳಿವೆ ಎಂಬುದಕ್ಕಿಂತ ಅವುಗಳ ನೀರು ಯಾವ ಬೆಳೆಗೆ ಹೋಗುತ್ತಿದೆ ಎಂಬುದು ಹೆಚ್ಚು ಮುಖ್ಯ.

ಮಳೆ ಕಡಿಮೆಯಾದ ವರ್ಷ ಏನಾಗುತ್ತದೆ? ಎರೆ ಮಣ್ಣು ತೇವವನ್ನು ತನ್ನಲ್ಲೇ ಹಿಡಿದಿಡುವ ಮಣ್ಣು. ಒಂದು ಮೀಟರ್ ಆಳದ ಎರೆ 150ರಿಂದ 200 ಮಿಲಿಮೀಟರ್‌ನಷ್ಟು ನೀರನ್ನು ಬೆಳೆಗಾಗಿ ಉಳಿಸಿಕೊಳ್ಳಬಲ್ಲದು. ಮಣ್ಣಿನ ಈ ದಾಹ ತೀರಿದ ಮೇಲಷ್ಟೇ ನೀರು ಆಳಕ್ಕೆ ಇಳಿಯುತ್ತದೆ. ಹಾಗಾಗಿ ಮಳೆ ಮೂರನೇ ಒಂದು ಪಾಲು ತಗ್ಗಿದರೆ ಇಂಗುವ ನೀರು ಅದಕ್ಕಿಂತ ಬಹಳ ಹೆಚ್ಚಿನ ಪಾಲು ತಗ್ಗುತ್ತದೆ. ಇಡೀ ತಿಂಗಳ ಮಳೆ ಎರಡು ದಿನದಲ್ಲಿ ಸುರಿದರೂ ಉಪಯೋಗವಿಲ್ಲ. ನೆನೆದ ಎರೆ ಉಬ್ಬಿ ತನ್ನ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ, ಉಳಿದ ನೀರು ಹಳ್ಳ ಸೇರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ತೇವ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ ಎಂಬುದು ಭೌತವಿಜ್ಞಾನದ ಸ್ಥಾಪಿತ ನಿಯಮ. ಬಿಸಿಯಾಗುತ್ತಿರುವ ಜಗತ್ತಿನಲ್ಲಿ ಮಳೆ ಬಿರುಸಾಗಿ ಸುರಿಯುವ, ನಡುವೆ ಒಣ ದಿನಗಳು ಉದ್ದವಾಗುವ ಒಲವಿಗೆ ಇದೇ ಮೂಲ. ಎರೆ ಭೂಮಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಆಳಕ್ಕೆ ಹೋದಷ್ಟೂ ಬದಲಾಗುವ ನೀರು

ಮಟ್ಟ ಕುಸಿದಾಗ ನಾವು ಮಾಡುವುದು ಒಂದೇ: ಬೋರನ್ನು ಇನ್ನೂ ಆಳಕ್ಕೆ ಕೊರೆಸುವುದು. ಅಲ್ಲಿ ಎರಡನೆಯ ಅಪಾಯ ಕಾದಿದೆ. ಗ್ರಾನೈಟ್ ಜಾತಿಯ ಶಿಲೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಸಂಗಡ ಎಷ್ಟು ಹೆಚ್ಚು ಕಾಲ ಇರುತ್ತದೋ ಅಷ್ಟು ಹೆಚ್ಚು ಫ್ಲೋರೈಡ್ ಅದರಲ್ಲಿ ಕರಗುತ್ತದೆ. ನೀರಿನಲ್ಲಿ ಸುಣ್ಣದಂಶವಾದ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡನ್ನು ಹಿಡಿದು ಗಟ್ಟಿಯಾಗಿ ಕೆಳಗಿಳಿಸುತ್ತದೆ. ಜೇಡಿ ಮಣ್ಣು ಆ ಕ್ಯಾಲ್ಸಿಯಂ ಅನ್ನು ಹೀರಿ ಬದಲಿಗೆ ಸೋಡಿಯಂ ಬಿಟ್ಟುಕೊಟ್ಟರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಒಣ ಹವೆ, ಕ್ಷಾರದ ನೆಲ, ಹಳೆಯ ಆಳದ ನೀರು, ಮೂರೂ ಕೂಡಿದಲ್ಲಿ ಫ್ಲೋರೈಡ್ ಏರುವುದು ಸಹಜ.

ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪಿಕೊಳ್ಳುತ್ತದೆ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸುತ್ತದೆ. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳು ಈ ಮಿತಿಯನ್ನು ದಾಟಿರುವುದು ದಾಖಲಾಗಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನ, ಅಂದರೆ ಸುಮಾರು ಎಂಟು ವರ್ಷದೊಳಗಿನ ಮಕ್ಕಳು ಈ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಹೆಚ್ಚಿನ ಪ್ರಮಾಣದ ಫ್ಲೋರೈಡನ್ನು ಹತ್ತಾರು ವರ್ಷ ಕುಡಿದವರ ಬೆನ್ನು, ಮೊಣಕಾಲು, ಕುತ್ತಿಗೆ ಬಿಗಿಯುತ್ತವೆ. ಇದನ್ನು ಗುಣಪಡಿಸುವ ಔಷಧವಿಲ್ಲ. ನೀರನ್ನು ಬದಲಿಸಿ ತಡೆಯುವುದೊಂದೇ ದಾರಿ. ನೀರು ಕಾಯಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ತುಸು ಹೆಚ್ಚೇ ಆಗುತ್ತದೆ.

ಮೇಲಿನ ಪದರದ ನೀರಿಗೆ ಬೇರೆ ಬಾಧೆ. ಹೊಲಕ್ಕೆ ಹಾಕಿದ ಯೂರಿಯಾದ ಉಳಿಕೆ, ಶೌಚಗುಂಡಿಗಳ ಬಸಿ, ದನದ ಕೊಟ್ಟಿಗೆಯ ಗಂಜಲ ಎಲ್ಲವೂ ನೈಟ್ರೇಟ್ ಆಗಿ ಇಳಿಯುತ್ತವೆ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮಿತಿ ಮೀರಿದ ನೀರನ್ನು ಬೆರೆಸಿದ ಹಾಲು ಕುಡಿದ ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಹಟ್ಟಿ ಚಿನ್ನದ ಗಣಿ ಇರುವ ಶಿಲಾಪಟ್ಟಿಯ ಸುತ್ತ ಕೆಲವು ಹಳ್ಳಿಗಳ ನೀರಿನಲ್ಲಿ ಆರ್ಸೆನಿಕ್ ಕೂಡ ಕಂಡುಬಂದಿದೆ. ಇವುಗಳಲ್ಲಿ ಯಾವುದಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಪರೀಕ್ಷೆಯೊಂದೇ ಇವನ್ನು ತೋರಿಸಬಲ್ಲದು.

ನಾಲೆಯ ಕೊನೆಯಲ್ಲಿ

ಮಾನ್ವಿ, ಸಿರವಾರ ಕಡೆಯ ಹಳ್ಳಿಗಳ ಇನ್ನೊಂದು ಆಸರೆ ತುಂಗಭದ್ರಾ ಎಡದಂಡೆ ನಾಲೆ. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ನಾಲೆ. ತುಂಗಭದ್ರಾ ಎಡದಂಡೆ ನಾಲೆಯ ಉದ್ದ 227 ಕಿಲೋಮೀಟರ್. ಕೊಪ್ಪಳ ಜಿಲ್ಲೆಯನ್ನು ದಾಟಿ, ಸಿಂಧನೂರನ್ನು ದಾಟಿ ನೀರು ಇಲ್ಲಿಗೆ ತಲುಪಬೇಕು. ರಾಯಚೂರು ನಗರದ ಕುಡಿಯುವ ನೀರಿಗೆ ಒದಗುವ ಗಣೇಕಲ್ ಸಮತೋಲನ ಜಲಾಶಯವೂ ಈ ನಾಲೆಯ ಕೊನೆಭಾಗದಲ್ಲೇ ಇದೆ.

ಎಡದಂಡೆಯ ಅಚ್ಚುಕಟ್ಟನ್ನು ಯೋಜಿಸಿದವರು ಹೆಚ್ಚಿನ ಪ್ರದೇಶವನ್ನು ಕಡಿಮೆ ನೀರು ಬೇಡುವ ಅರೆ ನೀರಾವರಿ ಬೆಳೆಗಳಿಗೆ ನಿಗದಿಪಡಿಸಿದ್ದರು. ಬರದ ಸೀಮೆಯ ಹೆಚ್ಚು ಹೊಲಗಳಿಗೆ ತೆಳುವಾಗಿ ನೀರು ಹಂಚಿ, ಬೆಳೆ ಒಣಗದಂತೆ ನೋಡಿಕೊಳ್ಳುವುದು ಉದ್ದೇಶ. ನಾಲೆಯ ಅಗಲ, ಆಳ, ತೂಬುಗಳ ಗಾತ್ರ ಎಲ್ಲವೂ ಆ ಲೆಕ್ಕಕ್ಕೆ ತಕ್ಕಂತೆ ಕಟ್ಟಿದವು. ನೀರು ಬಂದ ಮೇಲೆ ಮೇಲ್ಭಾಗದ ಹೊಲಗಳು ಭತ್ತದ ಗದ್ದೆಗಳಾದವು. ಪಂಕ್ತಿಯಲ್ಲಿ ಮೊದಲು ಕೂತವರಿಗೆ ಎರಡೆರಡು ಸಲ ಬಡಿಸಿದರೆ ಕೊನೆಯ ಎಲೆಗೆ ಪಾತ್ರೆ ಬರಿದಾಗಿ ಬರುತ್ತದಲ್ಲ, ಕೊನೆಭಾಗದ ರೈತರ ಸ್ಥಿತಿ ಅದೇ. ಮೈಲು 69ರಲ್ಲಿ, ಮೈಲು 104ರಲ್ಲಿ ನಿಗದಿತ ಗೇಜ್ ಕಾಯ್ದುಕೊಳ್ಳಿ ಎಂದು ಸಿರವಾರ, ಮಾನ್ವಿ, ರಾಯಚೂರಿನ ರೈತರು ರಸ್ತೆಗಿಳಿಯುವುದು ಮತ್ತೆ ಮತ್ತೆ ನಡೆಯುತ್ತ ಬಂದಿದೆ. ಗೇಜ್ ಎಂದರೆ ನಾಲೆಯ ಆ ಜಾಗದಲ್ಲಿ ನೀರು ಎಷ್ಟು ಅಡಿ ಎತ್ತರ ಹರಿಯುತ್ತಿದೆ ಎಂಬ ಅಳತೆ.

ಮೇಲ್ಭಾಗದವರಿಗೂ ಇದರಿಂದ ಒಳಿತಾಗಿಲ್ಲ. ವರ್ಷಗಟ್ಟಲೆ ನೀರು ನಿಂತ ಎರೆ ಭೂಮಿಯಲ್ಲಿ ಅಂತರ್ಜಲ ಬೇರಿನ ಮಟ್ಟಕ್ಕೆ ಏರಿ, ಆವಿಯಾಗಿ, ಉಪ್ಪನ್ನು ಮೇಲೆ ಬಿಡುತ್ತದೆ. ಭೂಮಿ ಸವಳಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ 90,000 ಹೆಕ್ಟೇರ್‌ಗೂ ಹೆಚ್ಚು ಭೂಮಿ ಸವಳು ಜವಳಿಗೆ ಸಿಕ್ಕಿದೆ ಎಂಬ ಅಂದಾಜಿದೆ. ಒಂದೇ ನಾಲೆಯ ಒಂದು ತುದಿಯಲ್ಲಿ ನೀರು ಹೆಚ್ಚಾಗಿ ನೆಲ ಕೆಡುತ್ತಿದೆ, ಇನ್ನೊಂದು ತುದಿಯಲ್ಲಿ ನೀರಿಲ್ಲದೆ ಬೆಳೆ ಒಣಗುತ್ತಿದೆ.

ಈಗ ನಾಲೆಯ ಮೂಲಕ್ಕೆ ಬರೋಣ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಾಗ ಜಲಾಶಯದಲ್ಲಿ ಸುಮಾರು 132 ಟಿಎಂಸಿ ನೀರು ಹಿಡಿಯುತ್ತಿತ್ತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. 2016ರ ಸರ್ವೆಯ ಪ್ರಕಾರ ಆ ಸಾಮರ್ಥ್ಯ 105.79 ಟಿಎಂಸಿಗೆ ಇಳಿದಿದೆ. ಉಳಿದ ಜಾಗವನ್ನು ಹೂಳು ತುಂಬಿದೆ. 63 ವರ್ಷಗಳಲ್ಲಿ 26 ಟಿಎಂಸಿಗೂ ಹೆಚ್ಚು ಎಂದರೆ ಎರಡೂವರೆ ವರ್ಷಕ್ಕೊಂದು ಟಿಎಂಸಿಗೂ ಮೇಲೆ. ಇದು ಎಷ್ಟು ದೊಡ್ಡ ನಷ್ಟ ಎಂಬುದನ್ನು ಕುಡಿಯುವ ನೀರಿನ ಅಳತೆಯಲ್ಲಿ ನೋಡಬಹುದು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನಸಂಖ್ಯೆ 19.28 ಲಕ್ಷ. ಎಲ್ಲರಿಗೂ ದಿನಕ್ಕೆ 55 ಲೀಟರ್ ಕೊಟ್ಟರೆ ಇಡೀ ಜಿಲ್ಲೆಗೆ ವರ್ಷಕ್ಕೆ ಬೇಕಾಗುವುದು ಒಂದೂವರೆ ಟಿಎಂಸಿಗಿಂತ ಕಡಿಮೆ. ಹೂಳು ನುಂಗಿದ ಜಾಗದಲ್ಲಿ ಜಿಲ್ಲೆಯ ಹತ್ತೊಂಬತ್ತು ವರ್ಷಗಳ ಕುಡಿಯುವ ನೀರು ಹಿಡಿಯುತ್ತಿತ್ತು.

ಹೂಳು ನಿಧಾನದ ನಷ್ಟ. ಯಂತ್ರಗಳ ಮುಪ್ಪು ಒಂದೇ ರಾತ್ರಿಯಲ್ಲಿ ಎರಗಬಲ್ಲದು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಗಳನ್ನು ಇಳಿಸಿದ ತಂತ್ರಜ್ಞರ ಸಾಹಸದಿಂದ ಒಂದು ವಾರದೊಳಗೆ ಹರಿವು ನಿಂತಿತು. ಆ ವರ್ಷ ಮಳೆ ಮುಂದುವರಿದದ್ದರಿಂದ ಜಲಾಶಯ ಮತ್ತೆ ತುಂಬಿತು. ಮಳೆ ಅಲ್ಲಿಗೇ ನಿಂತಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಉಳಿದ ಗೇಟುಗಳೂ ಹಳೆಯವೇ ಆದ್ದರಿಂದ 2025ರ ಮಳೆಗಾಲದಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಲಾಯಿತು. 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಮಳೆ ಚೆನ್ನಾಗಿ ಬಂದ ವರ್ಷವೂ ನಾಲೆ ಒಣಗಿ ನಿಲ್ಲಬಹುದು ಎಂಬುದು ಈಗ ಕಣ್ಣೆದುರಿನ ಸಂಗತಿ.

ಕೊಳವೆ ಬಂತು, ಒತ್ತಡ ಬಂತೇ?

ಮೂರನೆಯ ಆಸರೆ ಕೊಳವೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ಪ್ರತಿ ಗ್ರಾಮೀಣ ಮನೆಗೂ ನಲ್ಲಿಯ ಮೂಲಕ ತಲೆಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಕೊಡುವ ಗುರಿ ಹೊತ್ತಿತು. ಆಗ ದೇಶದ ಗ್ರಾಮೀಣ ಮನೆಗಳಲ್ಲಿ ನಲ್ಲಿ ಇದ್ದದ್ದು ಶೇಕಡ 17ರಷ್ಟಕ್ಕೆ. 2025ರ ಹೊತ್ತಿಗೆ ಅದು ಶೇಕಡ 80ರ ಆಸುಪಾಸಿಗೆ ಏರಿತು. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2028ರವರೆಗೆ ವಿಸ್ತರಿಸಲಾಗಿದೆ. ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡ ಇಳಿಸುವ ಈ ಕೆಲಸದ ಬೆಲೆ ದೊಡ್ಡದು. ಆದರೆ ನಲ್ಲಿಗಳನ್ನು ಎಣಿಸಿದರೆ ನೀರನ್ನು ಅಳೆದಂತಾಗುವುದಿಲ್ಲ.

ಹಳ್ಳಿಯ ಕೊಳವೆಯಲ್ಲಿ ನೀರು ಇಡೀ ದಿನ ಹರಿಯುವುದಿಲ್ಲ. ನೀರಗಂಟಿ ವಾಲ್ವ್ ತಿರುಗಿಸಿದಾಗ ಒಂದೆರಡು ಗಂಟೆ ಬರುತ್ತದೆ, ಆಮೇಲೆ ನಿಲ್ಲುತ್ತದೆ. ನೀರು ಹರಿಯುವಾಗ ಕೊಳವೆಯೊಳಗಿನ ಒತ್ತಡ ಹೊರಗಿಗಿಂತ ಹೆಚ್ಚಿರುವುದರಿಂದ ಸೀಳು ಇದ್ದಲ್ಲಿ ನೀರು ಹೊರಗೆ ಸೋರುತ್ತದೆ. ನೀರು ನಿಂತು ಕೊಳವೆ ಖಾಲಿಯಾಗುವಾಗ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಆಗ ಅದೇ ಸೀಳಿನಿಂದ ಹೊರಗಿನ ಕೊಳಚೆ ಒಳಕ್ಕೆ ನುಗ್ಗುತ್ತದೆ. ಕೊಳವೆ ಚರಂಡಿಯೊಳಗೆ ಅಥವಾ ಅದರ ಪಕ್ಕ ಹಾದುಹೋಗಿದ್ದರೆ ಮರುದಿನ ಮೊದಲು ತುಂಬಿಕೊಳ್ಳುವ ಕೊಡಗಳಲ್ಲಿ ಆ ಕೊಳಚೆ ಇರುತ್ತದೆ. ಮನೆಯವರೇ ನಲ್ಲಿಗೆ ಮೋಟರ್ ಹಚ್ಚಿ ಎಳೆದರೆ ಒಳಹೀರುವಿಕೆ ಇನ್ನೂ ಬಲವಾಗುತ್ತದೆ. ಬರದಲ್ಲಿ ನೀರು ಬಿಡುವ ಅವಧಿ ಕಡಿಮೆಯಾದಷ್ಟೂ ಕೊಳವೆ ಖಾಲಿ ಇರುವ ಅವಧಿ ಹೆಚ್ಚು, ಮೋಟರ್ ಹಚ್ಚುವವರೂ ಹೆಚ್ಚು. ನೀರಿನ ಕೊರತೆ ಹೀಗೆ ನೇರವಾಗಿ ರೋಗವಾಗಿ ಬದಲಾಗುತ್ತದೆ.

ಕಲುಷಿತ ನೀರು ಏನು ಮಾಡಬಲ್ಲದು ಎಂಬುದಕ್ಕೆ ಈ ಜಿಲ್ಲೆಯಲ್ಲೇ ಸಾಕ್ಷಿಗಳಿವೆ. 2022ರ ಮೇ, ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ಅನೇಕರು ಆಸ್ಪತ್ರೆ ಸೇರಿದರು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಒಬ್ಬ ಬಾಲಕ ತೀರಿಕೊಂಡ, ಊರಿನ ಹಲವರು ವಾಂತಿ ಭೇದಿಯಿಂದ ಬಳಲಿದರು. ಎರಡೂ ನಡೆದದ್ದು ಬೇಸಿಗೆಯ ಕೊನೆಯಲ್ಲಿ, ಮಳೆಗಾಲದ ಹೊಸ್ತಿಲಲ್ಲಿ. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ಮಾನಕ ಹೇಳುತ್ತದೆ. ದಾರಿಯಲ್ಲಿ ಸೇರಬಹುದಾದ ರೋಗಾಣುಗಳಿಗೆ ಆ ಉಳಿಕೆ ಕಾವಲು. ಊರಿನ ಕೊನೆಯ ನಲ್ಲಿಯಲ್ಲಿ ಅದು ಇದೆಯೇ ಎಂದು ನೋಡಲು ಒಂದು ಸಣ್ಣ ಪರೀಕ್ಷಾ ಕಿಟ್ ಮತ್ತು ಐದು ನಿಮಿಷ ಸಾಕು.

ಒಂದೇ ಕಾರಣಕ್ಕೆ ಬೀಳುವ ಮೂರು

ಈಗ ಮೂರನ್ನೂ ಸೇರಿಸಿ ನೋಡೋಣ. ಒಂದೊಂದು ಆಸರೆಯೂ ಐದು ವರ್ಷಕ್ಕೊಮ್ಮೆ ಕೈಕೊಡುತ್ತದೆ ಎಂದು ವಾದಕ್ಕಾಗಿ ಇಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮೂರೂ ಒಂದೇ ವರ್ಷ ಕೈಕೊಡುವುದು 125 ವರ್ಷಕ್ಕೊಮ್ಮೆ. ಅಂಥ ಅಪಾಯವನ್ನು ಊರು ಮರೆತು ಬಾಳಬಹುದು. ಆದರೆ ಮೂರಕ್ಕೂ ಕಾರಣ ಒಂದೇ ಆಗಿದ್ದರೆ ಮೂರೂ ಐದು ವರ್ಷಕ್ಕೊಮ್ಮೆ ಒಟ್ಟಿಗೆ ಬೀಳುತ್ತವೆ. ನಿಜಸ್ಥಿತಿ ಈ ಎರಡರ ನಡುವೆ ಇದೆ, ಮತ್ತು ಅದು ಎರಡನೆಯ ಕಡೆಗೆ ಸರಿಯುತ್ತಿದೆ.

ಮುಂಗಾರು ಸೋತಾಗ ಜಲಾಶಯ ತುಂಬುವುದಿಲ್ಲ, ನಾಲೆ ಬೇಗ ನಿಲ್ಲುತ್ತದೆ. ನಾಲೆ ನಿಂತಾಗ ಅದರ ಬಸಿನೀರಿನಿಂದ ತುಂಬುತ್ತಿದ್ದ ಬಾವಿ, ಬೋರುಗಳ ಮಟ್ಟವೂ ಇಳಿಯುತ್ತದೆ. ಅದೇ ಹೊತ್ತಿಗೆ ಬೆಳೆ ಉಳಿಸಿಕೊಳ್ಳಲು ಎಲ್ಲ ಪಂಪುಗಳೂ ಒಟ್ಟಿಗೆ ಓಡುತ್ತವೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾಗಿರುವುದರಿಂದ ಎತ್ತುವ ನೀರಿಗೆ ತಡೆಯೊಡ್ಡುವ ಬೆಲೆಯೂ ಇಲ್ಲ. ಹಲವು ಹಳ್ಳಿಗಳಿಗೆ ಒಟ್ಟಿಗೆ ನೀರು ತರುವ ಬಹುಗ್ರಾಮ ಯೋಜನೆಯ ಕೊಳವೆಗೂ ಮೂಲ ಅದೇ ನದಿ, ಅದೇ ಜಲಾಶಯ, ಅದೇ ನಾಲೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಅಂಥ ವರ್ಷಗಳು ಎರಡು ಬೆನ್ನುಬೆನ್ನಿಗೆ ಬಂದರೆ ಊರು ಉಳಿದಿರುವ ಆಳದ ಬೋರಿಗೆ ಹೋಗುತ್ತದೆ. ಅಲ್ಲಿ ಸಿಗುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಸೋಸುವ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಮಕ್ಕಳು ಕುಡಿಯುವುದು ಅದನ್ನೇ. ಈ ಸರಪಳಿಯ ಪ್ರತಿ ಕೊಂಡಿಯೂ ಈಗಾಗಲೇ ಬೇರೆ ಬೇರೆಯಾಗಿ ಕಂಡದ್ದೇ. ಎಲ್ಲವೂ ಒಂದೇ ಬೇಸಿಗೆಯಲ್ಲಿ ಕೂಡಿಬರುವುದಷ್ಟೇ ಬಾಕಿ.

ಕಾನೂನು ಇದೆ, ಲೆಕ್ಕ ಇಡುವವರಿಲ್ಲ

ನೀರಿನ ಕಾನೂನುಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವು ಹಂಚಿಹೋಗಿವೆ. ತನ್ನ ಜಮೀನಿನ ಕೆಳಗಿನ ನೀರನ್ನು ಎತ್ತಿಕೊಳ್ಳುವ ಹಕ್ಕನ್ನು ಮಾಲೀಕನಿಗೆ 1882ರ ಅನುಭೋಗದ ಹಕ್ಕುಗಳ ಕಾಯ್ದೆ ಗುರುತಿಸಿದೆ. ಬಂಡೆಯ ಬಿರುಕಿನಲ್ಲಿ ಹರಿಯುವ ನೀರಿಗೆ ಹೊಲದ ಬದು ಗೊತ್ತಿಲ್ಲ. ನನ್ನ ಪಂಪು ಎತ್ತುವುದು ಪಕ್ಕದವರ ನೀರನ್ನೂ ಹೌದು. ಇದನ್ನರಿತೇ ರಾಜ್ಯ 1999ರಲ್ಲಿ ಒಂದು ಕಾಯ್ದೆ ತಂದು, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂದಿತು. 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯುವ ಮುನ್ನ ಪರವಾನಗಿ ಬೇಕೆನ್ನುತ್ತದೆ. 1965ರ ನೀರಾವರಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ನಾಲೆಯಿಂದ ಅಕ್ರಮವಾಗಿ ನೀರೆತ್ತುವವರ ಶಿಕ್ಷೆಯನ್ನು ಬಿಗಿಗೊಳಿಸಲಾಯಿತು. ಕೊನೆಭಾಗದ ರೈತರಿಗೆ ನೀರು ತಲುಪಿಸುವುದೇ ಅದರ ಉದ್ದೇಶ.

ಆಡಳಿತವೂ ಹೋಳುಹೋಳು. ನಾಲೆ ಜಲಸಂಪನ್ಮೂಲ ಇಲಾಖೆಯದು. ಅಂತರ್ಜಲ ನಿರ್ದೇಶನಾಲಯ ಸಣ್ಣ ನೀರಾವರಿ ಇಲಾಖೆಯಡಿ ಇದೆ. ಹಳ್ಳಿಯ ಕುಡಿಯುವ ನೀರು ಗ್ರಾಮೀಣಾಭಿವೃದ್ಧಿ ಇಲಾಖೆಯದು, ಬೆಳೆ ಕೃಷಿ ಇಲಾಖೆಯದು, ಪಂಪಿನ ಕರೆಂಟು ವಿದ್ಯುತ್ ಕಂಪನಿಯಾದ ಜೆಸ್ಕಾಂನದು. ಒಂದು ಊರಿನ ನೀರು ಒಟ್ಟು ಎಷ್ಟು ಬಂತು, ಎಷ್ಟು ಹೋಯಿತು ಎಂದು ಹೇಳಬಲ್ಲ ಕಚೇರಿ ಒಂದೂ ಇಲ್ಲ.

ಆ ಕೆಲಸ ಮಾಡಬಲ್ಲದ್ದು ಗ್ರಾಮ ಪಂಚಾಯಿತಿ ಮಾತ್ರ. ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದೆಂದು ಪಟ್ಟಿಮಾಡಿದ 29 ವಿಷಯಗಳಲ್ಲಿ ಕುಡಿಯುವ ನೀರೂ ಇದೆ, ಜಲಾನಯನವೂ ಇದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳ ಅನುದಾನದ ಶೇಕಡ 60ನ್ನು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತು. ಜಲಜೀವನ್ ಮಿಷನ್ನಿನ ನಿಯಮದಂತೆ ಪ್ರತಿ ಗ್ರಾಮದಲ್ಲಿ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧ ಜನ ಹೆಂಗಸರಾಗಿರಬೇಕು, ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಸಿಗಬೇಕು. ಅಧಿಕಾರ, ಹಣ, ಸಮಿತಿ ಮೂರೂ ಕಾಗದದ ಮೇಲಿವೆ. ಕಾಣೆಯಾಗಿರುವುದು ಅಳತೆ.

ಅಕ್ಟೋಬರಿನ ಲೆಕ್ಕ

ಹಳ್ಳಿಯವರು ಅಳೆದು ನಡೆದುಕೊಂಡ ಉದಾಹರಣೆ ಪಕ್ಕದಲ್ಲೇ ಇದೆ. 2003ರಿಂದ 2009ರವರೆಗೆ ಆಗಿನ ಆಂಧ್ರಪ್ರದೇಶದ ಏಳು ಬರದ ಜಿಲ್ಲೆಗಳಲ್ಲಿ, ರಾಯಚೂರಿಗೆ ಹೊಂದಿಕೊಂಡ ಮಹಬೂಬ್‌ನಗರ ಮತ್ತು ಕರ್ನೂಲಿನಲ್ಲೂ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಅಂತರ್ಜಲ ಅಳೆಯುವ ಯೋಜನೆ ನಡೆಯಿತು. ರೈತರು ಮಳೆ ಅಳೆದರು, ಬೋರಿನ ಮಟ್ಟ ಅಳೆದರು, ಹಿಂಗಾರು ಬಿತ್ತನೆಗೆ ಮುಂಚೆ ಕೂತು ಈ ವರ್ಷ ಇರುವ ನೀರು ಇಷ್ಟು, ನಾವು ಬಿತ್ತಬೇಕೆಂದಿರುವ ಬೆಳೆಗೆ ಬೇಕಾದದ್ದು ಇಷ್ಟು ಎಂದು ಲೆಕ್ಕ ಹಾಕಿದರು. ಯಾರ ಮೇಲೂ ಕಟ್ಟಳೆ ಹೇರಲಿಲ್ಲ. ಅಂಕಿ ನೋಡಿದ ಎಷ್ಟೋ ರೈತರು ತಾವಾಗಿ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೊರಳಿದರು. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮಸಭೆ ವರ್ಷವರ್ಷ ಇಂಥದೇ ನೀರಿನ ಆಯವ್ಯಯ ಮಾಡಿ, ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಬೆಳೆಗೆ ಹಂಚುತ್ತದೆ.

ನಮ್ಮಲ್ಲೂ ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಪಂಚಾಯಿತಿ ಮಟ್ಟದ ಮಳೆಯ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಸಿಗುತ್ತದೆ. ಊರಿನಲ್ಲಿ ಪಂಪು ಹಾಕದ, ನೀರಿರುವ ಒಂದೆರಡು ಬೋರುಗಳನ್ನು ಗಟ್ಟಿ ಮುಚ್ಚಳ ಹಾಕಿ ಕಾಯ್ದಿರಿಸಿ, ತೂಕ ಕಟ್ಟಿದ ಟೇಪು ಬಿಟ್ಟು ತಿಂಗಳಿಗೊಮ್ಮೆ ಮಟ್ಟ ಅಳೆಯಬಹುದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪ್ರತಿ ಕುಡಿಯುವ ನೀರಿನ ಮೂಲದ ಫ್ಲೋರೈಡ್, ನೈಟ್ರೇಟ್ ಪರೀಕ್ಷಿಸಿ ಅಂಕಿಯನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಬಹುದು. ಕೊನೆಯ ನಲ್ಲಿಯ ಕ್ಲೋರಿನ್ ಅನ್ನು ದಿನವೂ ನೋಡಬಹುದು.

ದಾಸ್ತಾನಿನ ಲೆಕ್ಕವನ್ನೂ ಊರೇ ಹಾಕಬಹುದು. ಐದು ಸಾವಿರ ಜನರ ಒಂದು ಊರು ಎಂದುಕೊಳ್ಳಿ. ನಾಲೆ ನಿಂತ ಮೇಲೆ 120 ದಿನ, ತಲೆಗೆ 55 ಲೀಟರಿನಂತೆ ಬೇಕಾಗುವುದು 3.3 ಕೋಟಿ ಲೀಟರ್. ಎರಡೂವರೆ ಎಕರೆಯ ಕೆರೆಯಲ್ಲಿ ಅದು ಮೂರು ಮೀಟರಿಗೂ ತುಸು ಹೆಚ್ಚು ಆಳ ನಿಲ್ಲುತ್ತದೆ. ಈ ಬಿಸಿಲ ಸೀಮೆಯ ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ 6ರಿಂದ 8 ಮಿಲಿಮೀಟರ್ ಆವಿಯಾಗುವುದರಿಂದ ಇನ್ನೊಂದು ಮೀಟರ್ ಕೂಡಿಸಬೇಕು. ದನಕರುಗಳ ಪಾಲು ಇದಕ್ಕೆ ಹೊರತು. ನಾಲೆಯ ನೀರಿನಿಂದ ತುಂಬಿಸಿಕೊಳ್ಳುವ ಕುಡಿಯುವ ನೀರಿನ ಕೆರೆಗಳು ಈ ಸೀಮೆಗೆ ಹೊಸವಲ್ಲ. ಇರುವ ಕೆರೆಯಲ್ಲಿ ಹೂಳು ಎಷ್ಟು, ಉಳಿದ ಆಳ ಎಷ್ಟು, ಅದು ಎಷ್ಟು ದಿನಕ್ಕೆ ಸಾಕು ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಇರಬೇಕು. ಅಗಲಕ್ಕಿಂತ ಆಳ ಹೆಚ್ಚಿಸಿದರೆ ಆವಿಯ ನಷ್ಟ ಕಡಿಮೆ ಎಂಬುದೂ ಈ ಲೆಕ್ಕದಿಂದಲೇ ಹೊರಬರುವ ಪಾಠ.

ಊರಿನೊಳಗಿನ ಲೆಕ್ಕದಿಂದ ಎಲ್ಲವೂ ಸರಿಹೋಗದು. ಹೂಳು ತುಂಬಿದ ಜಲಾಶಯ, ಮೇಲ್ಭಾಗದ ಗದ್ದೆಗಳು, ಅಣೆಕಟ್ಟಿನ ಗೇಟುಗಳು ಗ್ರಾಮಸಭೆಯ ಕೈಯಲ್ಲಿಲ್ಲ. ಜಲಾಶಯ ಕಳೆದುಕೊಂಡ ಸಂಗ್ರಹಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಚರ್ಚೆಯಲ್ಲಿದೆ. ಆ ತೀರ್ಮಾನ ಸರ್ಕಾರಗಳದ್ದು. ಆದರೆ ತನ್ನ ಅಂಕಿಗಳನ್ನು ಕೈಯಲ್ಲಿ ಹಿಡಿದ ಊರು, ನಾಲೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಮುಂದೆ ಕೇಳುವ ಪ್ರಶ್ನೆಗೆ ಬೇರೆಯೇ ತೂಕ ಇರುತ್ತದೆ. ಒಂದು ಎಕರೆ ಭತ್ತದ ಒಂದು ಹಂಗಾಮಿನ ನೀರು 240 ಜನರ ಇಡೀ ವರ್ಷದ ನೀರಿಗೆ ಸಮ ಎಂಬ ಅಂಕಿಯನ್ನು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಇಡೀ ಜಿಲ್ಲೆಯ ಬಾಯಾರಿಕೆಗೆ ಒಂದೂವರೆ ಟಿಎಂಸಿ ಸಾಕು ಎಂಬುದನ್ನು ಮರೆಯಬಾರದು. ಇಷ್ಟು ನೀರು ಇಲ್ಲ ಎಂದು ಹೇಳುವ ಸ್ಥಿತಿ ಎರಡು ನದಿಗಳ ನಡುವಿನ ಈ ನಾಡಿಗೆ ಬಂದರೆ ಅದಕ್ಕೆ ಮಳೆಯನ್ನು ದೂರಲಾಗದು. ಬರದ ವರ್ಷ ಬಂದ ಮೇಲೆ ಟ್ಯಾಂಕರಿಗೆ ಟೆಂಡರ್ ಕರೆಯುವುದಕ್ಕಿಂತ ಮಳೆಗಾಲ ಮುಗಿದ ಅಕ್ಟೋಬರಿನಲ್ಲೇ ಲೆಕ್ಕ ಹಾಕುವುದು ಅಗ್ಗ, ಸುಲಭ, ಸುರಕ್ಷಿತ. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಮೂರು ಅಂಕಿಗಳನ್ನು ಕೇಳಿ: ಕುಡಿಯುವ ನೀರಿನ ಬೋರಿನಲ್ಲಿ ಇವತ್ತಿನ ಮಟ್ಟ ಎಷ್ಟು, ಅದರಲ್ಲಿ ಫ್ಲೋರೈಡ್ ಎಷ್ಟು, ನಾಲೆ ನಿಂತ ಮೇಲೆ ನಮ್ಮ ದಾಸ್ತಾನು ಎಷ್ಟು ದಿನಕ್ಕೆ ಸಾಕು. ಉತ್ತರ ಸಿಗದಿದ್ದರೆ ಅಂದೇ ಅಳೆಯಲು ನಿರ್ಣಯ ಮಾಡಿಸಿ.